ನೆಟ್ ಹೋದರೆ ಬಡ್ಕೊಳ್ಳೋರ ಲೆಕ್ಕ

"ನಮ್ಮನೇಲಿ ಮೂರು ಜನ ಐಟಿ ತಂಬಿ," ಅಂದ ತಾತ, ಬಾಗಿಲಿಗೆ ಅಡ್ಡ ನಿಂತುಕೊಂಡೇ. "ದೊಡ್ಡೋನು ಐಟಿ, ಚಿಕ್ಕೋನು ಐಟಿ, ಅಳಿಯಾನೂ ಐಟಿ. ಬರ್ಕೋ."

ಮೊಬೈಲಿನಲ್ಲಿ ಮೂರು ಸಲ ಒತ್ತಿದೆ. ಪಕ್ಕದ ಮನೆಯಲ್ಲಿ ಇಬ್ಬರು ಐಟಿ. ಅದರಾಚೆ ಮನೆಯ ಹೆಂಗಸು ಸೊಪ್ಪು ಬಿಡಿಸುತ್ತಾ ಕೂತಿದ್ದಳು. ತಲೆ ಎತ್ತದೆ, ನಮ್ಮ ಮನೆಯಲ್ಲಿ ಮಾವನ ಕಾಲದಿಂದಲೂ ಐಟಿನೇ ಅಂದಳು. ಮಾವನ ಕಾಲದಲ್ಲಿ ಐಟಿ ಎಲ್ಲಿತ್ತು ಅಂತ ಅಲ್ಲೇ ಕೇಳಬೇಕಿತ್ತು. ಕೇಳಲಿಲ್ಲ. ಖುಷಿಯಲ್ಲಿದ್ದೆ. ಕೆಜಿಎಫ್‌ನ ಆಂಡರ್ಸನ್‌ಪೇಟೆಯ ಆ ಒಂದು ಗಲ್ಲಿ ಮುಗಿಯುವ ಹೊತ್ತಿಗೆ ಮೊಬೈಲಿನ ನಕಾಶೆ ಅಮ್ಮ ಎದ್ದವರ ಮೈಯಂತೆ ಚುಕ್ಕೆಗಳಿಂದ ತುಂಬಿಹೋಗಿತ್ತು. ಒಂದು ಚುಕ್ಕೆ ಅಂದರೆ ಒಬ್ಬರು ಐಟಿ ಕೆಲಸದವರು.

ಕೆಲಸ ಇದು. ಬೆಂಗಳೂರಿನ ಒಂದು ಸಂಸ್ಥೆಯವರು ಕೆಜಿಎಫ್, ಬಂಗಾರಪೇಟೆ, ಸುತ್ತಲ ಹಳ್ಳಿಗಳಲ್ಲಿ ಐಟಿ ಕೆಲಸ ಮಾಡುವವರು ಎಷ್ಟು ಜನ ಇದ್ದಾರೆ ಅಂತ ಅಳೆಯಲು ಬಂದಿದ್ದರು. ಸಾಕಷ್ಟು ಜನ ಇದ್ದರೆ ಕೆಜಿಎಫ್‌ನಲ್ಲಿ ಮುಚ್ಚಿಬಿದ್ದಿದ್ದ ಒಂದು ಹಳೇ ಕಟ್ಟಡವನ್ನು ರಿಪೇರಿ ಮಾಡಿ, ಮೇಜು, ನೆಟ್, ಜನರೇಟರ್ ಹಾಕಿಸಿ, ಯಾವ ಕಂಪನಿಯವರಾದರೂ ಬಂದು ಕೂತು ಕೆಲಸ ಮಾಡುವ ಹಾಗೆ ಒಂದು ಹಾಲ್ ತೆರೆಯುತ್ತಾರೆ. ಸಾಕಷ್ಟು ಜನ ಇಲ್ಲದಿದ್ದರೆ ಆ ಹಾಲ್ ಬೇರೆ ಊರಿಗೆ ಹೋಗುತ್ತೆ.

ನನ್ನನ್ನು ಸೇರಿಸಿಕೊಂಡದ್ದು ಓದಿದವನು ಅಂತಲ್ಲ. ಹತ್ತನೇ ಕ್ಲಾಸು ಅರ್ಧಕ್ಕೇ ಬಿಟ್ಟೆ. ಕಾಮಸಮುದ್ರದ ಹತ್ತಿರ ನಮ್ಮ ಹಳ್ಳಿ. ಡೈರಿಯ ಹಾಲಿನ ಗಾಡಿಯಲ್ಲಿ ಕ್ಯಾನ್ ಎತ್ತಿ ಇಳಿಸುತ್ತೇನೆ. ಕನ್ನಡ, ತೆಲುಗು, ತಮಿಳು ಮೂರೂ ಬರುತ್ತೆ. ಗಲ್ಲಿಗಳು ನನಗೆ ಗೊತ್ತು, ಗಲ್ಲಿಯ ನಾಯಿಗಳಿಗೆ ನಾನು ಗೊತ್ತು. ಅಷ್ಟೇ.

ಆದರೆ ನಾನು ಬಿಸಿಲಲ್ಲಿ ಓಡಾಡಿದ್ದು ಸಂಬಳಕ್ಕಲ್ಲ. ಅಕ್ಕನಿಗೆ ಆ ಹಾಲ್ ಬೇಕಿತ್ತು.

ಅಕ್ಕನನ್ನು ಬಂಗಾರಪೇಟೆಗೆ ಕೊಟ್ಟಿದೆ. ಮಾರ್ಕೆಟ್ ಹಿಂದಿನ ಬೀದಿ. ಭಾವ ಲಾರಿ ಓಡಿಸುತ್ತಾನೆ, ಮನೆಯಲ್ಲಿರೋದು ಕಡಿಮೆ. ಅಕ್ಕನ ಕೆಲಸ ವೈಟ್‌ಫೀಲ್ಡ್ ಕಡೆ ಒಂದು ಕಂಪನಿಯಲ್ಲಿ. ಕಂಪ್ಯೂಟರಿನಲ್ಲಿ ರಸ್ತೆಯ ಫೋಟೋಗಳು ಬರುತ್ತವೆ. ಅದರಲ್ಲಿ ಮನುಷ್ಯ ಇದ್ದರೆ ಅವನ ಸುತ್ತ ಚೌಕ ಎಳೆದು ಮನುಷ್ಯ ಅಂತ ಒತ್ತಬೇಕು. ಆಟೋ ಸುತ್ತ ಎಳೆದು ಆಟೋ ಅಂತ. ಹಸು ಸುತ್ತ ಎಳೆದು ಹಸು ಅಂತ. ಅದನ್ನು ನೋಡಿ ನೋಡಿ ಮೆಷಿನ್ ಕಲಿಯುತ್ತಂತೆ. ಹಸು ಯಾವುದು ಅಂತ ಹೇಳಿಕೊಡೋಕೆ ಸಂಬಳ ಕೊಡುತ್ತಾರೆ ಅಂದಾಗ ನಾನು ನಂಬಲಿಲ್ಲ. ಆಗ ಅಕ್ಕ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದಳು. ಯಾವುದೋ ದೇಶದ ರಸ್ತೆ. ಡ್ರೈವರ್ ಇಲ್ಲದ ಕಾರು. ಅಡ್ಡ ಒಂದು ಹಸು ಬಂತು, ಕಾರು ತಾನೇ ನಿಂತಿತು. ಹಸು ದಾಟಿ ಹೋಗುವ ತನಕ ಕಾಯಿತು. ಮಾರ್ಕೆಟ್ ಹಿಂದಿನ ಬೀದಿಯ ಸೊಸೆ ಒಬ್ಬಳು ಇದು ಹಸು ಕಣೋ ಅಂತ ಹೇಳಿದ್ದಕ್ಕೆ ಅಲ್ಲೆಲ್ಲೋ ಒಂದು ಕಾರು ನಿಲ್ಲುತ್ತೆ. ವಿಡಿಯೋ ಇನ್ನೊಂದು ಸಲ ಹಾಕಿಸಿಕೊಂಡೆ.

ಹಾಲಿನ ಗಾಡಿ ಬಂಗಾರಪೇಟೆ ಮುಟ್ಟುವಾಗ ಇನ್ನೂ ಬೆಳಕು ಹರಿದಿರೋದಿಲ್ಲ. ಅಲ್ಲಿಂದ ಬೈಕಿನಲ್ಲಿ ಅಕ್ಕನನ್ನು ಸ್ಟೇಷನ್ನಿಗೆ ಬಿಡುತ್ತಿದ್ದೆ. ಅವಳು ಹೊರಡುವಾಗ ಮಗು ಮಲಗಿರುತ್ತೆ. ಅವಳು ಬರುವಾಗಲೂ ಮಲಗಿರುತ್ತೆ. ಎದ್ದಿರುವ ಮಗುವನ್ನು ಅವಳು ನೋಡೋದು ಭಾನುವಾರ ಮಾತ್ರ. ಮಿಕ್ಕ ದಿನ ನೋಡಿಕೊಳ್ಳೋದು ಅವಳ ಅತ್ತೆ. ಮಗು ಅತ್ತೆಯನ್ನು ಅಮ್ಮ ಅನ್ನುತ್ತೆ. ಹೆತ್ತವಳನ್ನು ಅಕ್ಕ ಅನ್ನುತ್ತೆ. ನಾನು ಕರೆಯೋದನ್ನು ಕೇಳಿ ಕಲಿತದ್ದು. ಮೊದಮೊದಲು ಮನೆಯವರೆಲ್ಲ ನಕ್ಕೆವು. ಆಮೇಲೆ ಅಕ್ಕ ನಗೋದು ನಿಲ್ಲಿಸಿದಳು.

ಅತ್ತೆ ಕೆಟ್ಟವಳಲ್ಲ. ಮಂಡಿ ನೋವು, ನೇರ ಮಾತು. ಮಗು ಸ್ಕೂಲಿಗೆ ಸೇರುವ ತನಕ ನೋಡಿಕೊಳ್ಳುತ್ತೇನೆ, ಆಮೇಲೆ ಹೊತ್ತುಕೊಂಡು ಓಡಾಡೋಕೆ ನನ್ನ ಕೈಲಾಗಲ್ಲ, ನೀನು ಕೆಲಸ ಬಿಡಬೇಕು ಅಂತ ಹೇಳಿಬಿಟ್ಟಿದ್ದಳು. ಸ್ಕೂಲು ಬರುವ ಜೂನಿಗೆ. ಹಾಲ್ ಬಂದರೆ ಅಕ್ಕ ಕೆಲಸವನ್ನೂ ಉಳಿಸಿಕೊಳ್ಳಬಹುದು, ಹೊತ್ತು ಮುಳುಗೋ ಮುಂಚೆ ಮನೆಯಲ್ಲೂ ಇರಬಹುದು. ಬಾರದಿದ್ದರೆ ಕೆಲಸ ಹೋಯಿತು.

ನಾನು ಈ ಸರ್ವೆಗೆ ಸೇರಿದ ದಿನ ಅವಳು ಹೇಳಿದ್ದು ಇಷ್ಟೇ. "ಇಲ್ದೋರ್ನ ಸೇರಿಸ್ಬೇಡ ಕಣ್ಲಾ. ಇರೋರ್ನ ಬಿಡ್ಬೇಡ."

ಗಲ್ಲಿಯ ಕೊನೆಯಲ್ಲಿ ನಿಂತು ಅಕ್ಕನಿಗೆ ಫೋನ್ ಮಾಡಿದೆ. ಅವಳ ಊಟದ ಹೊತ್ತು. ಒಂದೇ ಗಲ್ಲಿಯಲ್ಲಿ ಇಷ್ಟು ಜನ ಸಿಕ್ಕರು, ಒಂದು ಹಾಲ್ ಸಾಲಲ್ಲ, ಎರಡು ಬೇಕು ಅಂದೆ. ಆ ಕಡೆಯಿಂದ ಅವಳು ಉಸಿರು ಬಿಟ್ಟದ್ದು ಕೇಳಿಸಿತು.

ಫೋನ್ ಜೇಬಿಗೆ ಹಾಕುತ್ತಿದ್ದ ಹಾಗೆ ಆ ಮೂರು ಐಟಿ ತಾತನ ದೊಡ್ಡ ಮಗ ಹುಡುಕಿಕೊಂಡು ಬಂದ. ಮೊಣಕೈ ತನಕ ಗ್ರೀಸು.

"ಏನಪ್ಪಾ, ಕಂಪ್ಯೂಟರ್ ಹಾಲ್ ಮಾಡ್ತಾರಂತೆ. ಅದ್ಕೆ ಟರ್ನರ್ ಬೇಕಾ?"

ಟರ್ನರ್ ಯಾಕೆ ಅಂದೆ.

"ನಾನು ಟರ್ನರ್. ತಮ್ಮ ಫಿಟ್ಟರ್. ಭಾವ ವೆಲ್ಡರ್. ಮೂರೂ ಜನ ಐಟಿ ಓದಿರೋದು. ಯಾಕ್ ತಂಬಿ ಅಂಗ್ ನೋಡ್ತೀಯ? ಕಂಪ್ಯೂಟರ್ ಆದ್ರೂ ಒಳಗೆ ಒಂದ್ ಫ್ಯಾನಾದ್ರೂ ತಿರುಗ್ತದಲ್ಲ?"

ಐಟಿಐ. ಕೆಜಿಎಫ್‌ನಲ್ಲಿ ಕೊನೆಯ ಐ ಯಾರೂ ಹೇಳುವುದಿಲ್ಲ. ಗಣಿ ನಡೆಯುತ್ತಿದ್ದ ಕಾಲದಿಂದ ಇಲ್ಲಿ ಹುಡುಗರು ಹತ್ತನೇದು ಮುಗಿಸಿ ಐಟಿಐ ಸೇರೋದು, ಲೇತು ಹಿಡಿಯೋದು. ಹುಡುಗ ಐಟಿ ಓದವ್ನೆ ಅಂದರೆ ಕಬ್ಬಿಣ ಕಡೆಯೋಕೆ ಬರುತ್ತೆ ಅಂತ ಅರ್ಥ. ನಮ್ಮ ಹಳ್ಳಿ ಕಡೆ ಐಟಿಐ ಓದಿದವರು ಕಡಿಮೆ, ಅದಕ್ಕೇ ನನಗೆ ಹೊಳೆದಿರಲಿಲ್ಲ. ಮಾವನ ಕಾಲದ ಐಟಿ ಯಾವುದು ಅಂತ ಈಗ ತಿಳಿಯಿತು.

ಸರ್ವೆ ನಡೆಸುತ್ತಿದ್ದ ಮೇಡಂ ಬಂಗಾರಪೇಟೆಯಲ್ಲಿ ರೂಮು ಮಾಡಿಕೊಂಡಿದ್ದರು. ಅವರಿಗೆ ಹೋಗಿ ಹೇಳಿದೆ. ಬಯ್ಯುತ್ತಾರೆ ಅಂದುಕೊಂಡಿದ್ದೆ. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆ ಗಲ್ಲಿ ಅಷ್ಟೊಂದು ದಟ್ಟವಾಗಿ ಕಾಣುತ್ತಿದ್ದದ್ದು ನೋಡಿ ಅವರಿಗೆ ಮೊದಲೇ ಅನುಮಾನ ಬಂದಿತ್ತಂತೆ. ಲ್ಯಾಪ್‌ಟಾಪ್ ತೆಗೆದು ಆ ಚುಕ್ಕೆಗಳನ್ನೆಲ್ಲ ಅಳಿಸಿದರು. ಬೇರೆ ಗಲ್ಲಿಗಳದ್ದೂ ಅದೇ ಕಥೆ ಇರಬಹುದು ಅಂತ ಅವನ್ನೂ ಅಳಿಸಿದರು. ಮಿಕ್ಕಿದ್ದು ಅಲ್ಲೊಂದು ಇಲ್ಲೊಂದು. ಅಷ್ಟಕ್ಕೆ ಹಾಲ್ ಬರಲ್ಲ ಅಂತ ಅವರು ಹೇಳಬೇಕಾಗಿರಲಿಲ್ಲ.

ರಾತ್ರಿ ಅಕ್ಕ ಟ್ರೈನ್ ಇಳಿದಾಗ ಹೇಳಿದೆ. "ಸರಿ ಬುಡು," ಅಂದಳು. ಬೈಕ್ ಹತ್ತಲಿಲ್ಲ. ನಡೆದೇ ಹೋದಳು. ನಾನು ಬೈಕು ತಳ್ಳಿಕೊಂಡು ಹಿಂದೆ ಹೋದೆ.

ಮಾರನೇ ದಿನ ಬೆಳಗಿನ ಟ್ರೈನಿಗೆ ಮುಂಚೆ ಸ್ಟೇಷನ್ ತೋರಿಸು ಅಂತ ಮೇಡಂ ಹೇಳಿದರು. ಮನೆಯಲ್ಲಿ ಕೇಳಿದರೆ ಗೊಂದಲ ಆಗುತ್ತೆ, ಟ್ರೈನ್ ಹತ್ತುವವರನ್ನೇ ನೋಡೋಣ ಅಂತ. ಇಬ್ಬರೂ ಮೇಲ್ಸೇತುವೆ ಹತ್ತಿ ನಿಂತೆವು.

ನಾನು ಅಕ್ಕನನ್ನು ಎಷ್ಟೋ ಸಲ ಆ ಸ್ಟೇಷನ್ನಿಗೆ ಬಿಟ್ಟಿದ್ದೇನೆ. ಗೇಟಿನ ಹತ್ತಿರ ಇಳಿಸಿ ವಾಪಸ್ ತಿರುಗಿಸುತ್ತಿದ್ದೆ, ಒಳಗೆ ಹೋದವನಲ್ಲ. ಮೇಲಿಂದ ನೋಡಿದ್ದು ಅವತ್ತೇ ಮೊದಲು. ಎಲ್ಲ ದಿಕ್ಕಿನಿಂದ ಬೈಕಿನ ಲೈಟು ಬರುತ್ತಿತ್ತು. ಆಟೋಗಳು ಬರುತ್ತಿದ್ದವು, ಒಂದೊಂದರಿಂದಲೂ ಹಿಡಿಯಲಾರದಷ್ಟು ಜನ ಇಳಿಯುತ್ತಿದ್ದರು. ಕೆಜಿಎಫ್ ಕಡೆಯ ಟ್ರೈನು ಬಂದು ಇನ್ನೊಂದಷ್ಟು ಜನರನ್ನು ಸುರಿಯಿತು. ಯಾರೂ ಕೂಗಾಡುತ್ತಿರಲಿಲ್ಲ. ನಿಂತುಕೊಂಡೇ ನಿದ್ದೆ ಮಾಡುವವರು ಇದ್ದರು. ಮುಖಗಳ ಮೇಲೆ ಮೊಬೈಲಿನ ಬೆಳಕು, ಕೊರಳಲ್ಲಿ ಕಂಪನಿ ಕಾರ್ಡಿನ ನೀಲಿ, ಕೆಂಪು, ಹಸಿರು ಪಟ್ಟಿಗಳು. ಪ್ಲಾಟ್‌ಫಾರಂ ಕಾಣಿಸುತ್ತಿರಲಿಲ್ಲ, ಬರೀ ತಲೆಗಳು. ನಮ್ಮ ತಾಲೂಕಿನಲ್ಲಿ ಇಷ್ಟು ಜನ ಇದ್ದಾರಾ ಅಂದುಕೊಂಡೆ. ಅವರ ಮಧ್ಯೆ ಅಕ್ಕನನ್ನು ಹುಡುಕಿದೆ. ಸಿಗಲಿಲ್ಲ. ಸ್ವಂತ ಅಕ್ಕ, ಅವತ್ತು ಹಾಕಿದ್ದ ಬಟ್ಟೆಯ ಬಣ್ಣ ಗೊತ್ತು, ಆದರೂ ಸಿಗಲಿಲ್ಲ.

ಕೊರಳ ಪಟ್ಟಿ ಇದ್ದವರನ್ನೆಲ್ಲ ಐಟಿ ಅಂತ ಹಿಡಿಯಬಹುದಲ್ಲ ಅಂದೆ. ಮೇಡಂ ಕೆಳಗಿಳಿದು ಕೇಳಿನೋಡು ಅಂದರು. ಇಳಿದೆ. ಮೊದಲನೆಯವನು ಒಂದು ಕಂಪನಿಯ ಗೇಟಿನ ಸೆಕ್ಯೂರಿಟಿ. ಎರಡನೆಯವಳು ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುವವಳು. ಮೂರನೆಯವನ ಕೊರಳಲ್ಲಿ ಏನೂ ಇರಲಿಲ್ಲ, ಚೀಲದೊಳಗೆ ಇಟ್ಟಿದ್ದ. ಅವನು ಬ್ಯಾಂಕುಗಳ ಸಾಫ್ಟ್‌ವೇರ್ ಬರೆಯುವವನು. ಮೇಲೆ ಬಂದು ಹೇಳಿದೆ. ಕೊರಳು ನೋಡಿ ಕೆಲಸ ಹೇಳೋಕಾಗಲ್ಲ ಅಂತ ಮೇಡಂ ಅಂದರು. ಅಷ್ಟರಲ್ಲಿ ಟ್ರೈನ್ ಬಂತು, ಹೊರಟಿತು. ಪ್ಲಾಟ್‌ಫಾರಂ ಖಾಲಿ. ಒಂದು ನಾಯಿ, ಒಂದು ಕಸಬರಿಕೆ. ಅಷ್ಟು ಹೊತ್ತು ಅಲ್ಲಿದ್ದ ಒಂದು ಊರೇ ಎದ್ದು ಹೋಗಿತ್ತು.

ಟೀ ಕುಡಿಯುವಾಗ ಒಂದು ಮಾತು ಕೇಳಿದೆ. ಎಲ್ಲರ ಮನೆಗೂ ಹೋಗೋಕೆ ನಮ್ಮ ಕೈಲಾಗಲ್ಲ, ಮತ್ತೆ ಒಟ್ಟು ಎಷ್ಟು ಅಂತ ಹೇಗೆ ಹೇಳ್ತೀರ ಅಂತ. ಅಲ್ಲೊಂದು ಬೀದಿ ಇಲ್ಲೊಂದು ಹಳ್ಳಿ ಆರಿಸಿಕೊಂಡು ಅಷ್ಟನ್ನು ಸರಿಯಾಗಿ ನೋಡಿದರೆ, ಮಿಕ್ಕದ್ದನ್ನು ಲೆಕ್ಕ ಹಾಕಬಹುದು ಅಂತ ಅವರು ಹೇಳಿದರು. ಅನ್ನ ಬೆಂದಿದೆಯಾ ಅಂತ ನೋಡೋಕೆ ಒಂದು ಅಗುಳು ಹಿಚುಕಿದರೆ ಸಾಕಲ್ಲ, ಹಾಗೆ.

ನಾನು ಒಪ್ಪಲಿಲ್ಲ. ಡೈರಿಯಲ್ಲಿ ಹಾಲಿನ ಜಿಡ್ಡು ನೋಡೋಕೆ ಕ್ಯಾನಿನಿಂದ ಒಂದು ಸೌಟು ತೆಗೆಯುತ್ತಾರೆ. ಆದರೆ ಮೊದಲು ತಳದ ತನಕ ಕಲಕಬೇಕು. ಕಲಕದೆ ಮೇಲಿಂದ ತೆಗೆದರೆ ಬರೀ ಕೆನೆ ಬರುತ್ತೆ, ಜಿಡ್ಡು ಜಾಸ್ತಿ ತೋರಿಸುತ್ತೆ. ಊರನ್ನು ಹೇಗೆ ಕಲಕ್ತೀರ ಅಂದೆ.

ಮೇಡಂ ಗ್ಲಾಸು ಕೆಳಗಿಟ್ಟರು. ಅವರ ಓದಿನಲ್ಲಿ ಮೊದಲ ವರ್ಷವೇ ಕಲಿಸೋದು ಅದನ್ನಂತೆ. ಕಲಕೋಕಾಗಲ್ಲ ಅಂತ ಗೊತ್ತಿರುವುದರಿಂದಲೇ ಬೀದಿಗಳನ್ನು ಅವರು ಇಷ್ಟ ಬಂದ ಹಾಗೆ ಆರಿಸಲ್ಲ, ಚೀಟಿ ಎತ್ತಿದ ಹಾಗೆ ಕಂಪ್ಯೂಟರಿನಿಂದ ಎತ್ತಿಸುತ್ತಾರೆ. ಪೇಟೆಯಿಂದ ಒಂದಷ್ಟು, ಹಳ್ಳಿಯಿಂದ ಒಂದಷ್ಟು, ರೈಲ್ವೆ ಹತ್ತಿರ ಒಂದಷ್ಟು, ದೂರದ್ದು ಒಂದಷ್ಟು. ಅದಕ್ಕೇ ನಿನ್ನನ್ನು ಅಷ್ಟು ದೂರದೂರ ಓಡಿಸ್ತಿದ್ದೀನಿ ಅಂದರು. ಇಷ್ಟು ದಿನ ಅವರು ಹುಚ್ಚುಹುಚ್ಚಾಗಿ ಊರು ಹೇಳುತ್ತಿದ್ದಾರೆ ಅಂದುಕೊಂಡಿದ್ದೆ. ಇಡೀ ತಾಲೂಕನ್ನು ಒಂದು ಕ್ಯಾನಿನ ಹಾಗೆ ನೋಡೋಕೆ ಬರುವ ಜನ ಇದ್ದಾರೆ ಅಂತ ನನಗೆ ಆವತ್ತಿನ ತನಕ ಗೊತ್ತಿರಲಿಲ್ಲ. ಸೌಟು ಸರಿ ಇದೆ, ಕೇಳುವ ಪ್ರಶ್ನೆ ತಪ್ಪಾಗಿದೆ ಅಂತ ಅವರು ಹೇಳಿದರು.

ಆ ದಿನ ಎತ್ತಿದ ಚೀಟಿಯಲ್ಲಿ ಕಾಮಸಮುದ್ರದ ಆಚೆ, ಆಂಧ್ರದ ಗಡಿ ಹತ್ತಿರದ ಒಂದು ಹಳ್ಳಿ ಬಂದಿತ್ತು. ಇಬ್ಬರೂ ಹೋದೆವು. ಮೊದಲನೇ ಮನೆಯಲ್ಲಿ ಒಬ್ಬಳು ಅಜ್ಜಿ ಹುಣಸೆಹಣ್ಣು ಬಿಡಿಸುತ್ತಿದ್ದಳು. ಮನೆಯಲ್ಲಿ ಐಟಿ ಕೆಲಸ ಮಾಡುವವರು ಇದ್ದಾರಾ ಅಂತ ತೆಲುಗಿನಲ್ಲಿ ಕೇಳಿದೆ.

"ಅದೇನ್ ಐಟಿನೋ ನಂಗ್ ತಿಳೀದು ನಾಯ್ನಾ," ಅಂದಳು ಅಜ್ಜಿ, ಮೇಡಂ ಕಡೆ ನೋಡಿ ಕನ್ನಡದಲ್ಲೇ. "ಮೊಮ್ಮಗ ಒಬ್ಬ ಅವ್ನೆ. ಆ ನೆಟ್ಟು ಓಯ್ತು ಅಂದ್ರೆ ಮನೆ ಕಿತ್ತೋಗಂಗೆ ಬಡ್ಕೋತಾನೆ. ಡಬ್ಬ ತಕ್ಕೊಂಡ್ ನೀರಿನ್ ಟ್ಯಾಂಕ್ ಮೇಲ್ ಅತ್ತಿ ಕುಂತ್ಕೋತಾನೆ."

ಮೇಡಂ ಬಗ್ಗಿ ಕೇಳಿದರು, ಯಾಕಜ್ಜಿ, ಮೊಬೈಲಲ್ಲಿ ಆಟ ಆಡೋಕಾ?

ಅಜ್ಜಿಗೆ ಕೋಪ ಬಂತು. "ಆಟಕ್ಕಲ್ಲ ತಲ್ಲಿ. ಅನ್ನಕ್ಕೆ."

ಅಲ್ಲೇ ನಿಂತ ನಿಂತ ಹಾಗೆ ಮೇಡಂ ಪ್ರಶ್ನೆ ಬದಲಾಯಿಸಿದರು. ಐಟಿ ಅನ್ನೋ ಮಾತೇ ಎತ್ತಬೇಡ. ನೆಟ್ ಹೋದರೆ ನಿಮ್ಮ ಮನೆಯಲ್ಲಿ ಯಾರು ಬಡ್ಕೋತಾರೆ ಅಂತ ಕೇಳು. ಆಟಕ್ಕಾ ಅನ್ನಕ್ಕಾ ಅಂತ ಕೇಳು. ಅನ್ನಕ್ಕೆ ಅಂದರೆ ಮಾತ್ರ ಅವರನ್ನು ಹೊರಗೆ ಕರೆದು ಏನು ಕೆಲಸ ಅಂತ ವಿಚಾರಿಸು. ಫೋನಿನಲ್ಲಿ ಊಟದ ಆರ್ಡರ್ ತಗೊಂಡು ಬೈಕು ಓಡಿಸುವವರೂ ಬಡ್ಕೋತಾರೆ, ಅವರು ಬೇರೆ. ಕೆಲಸ ಕಂಪ್ಯೂಟರಿನೊಳಗೇ ಶುರುವಾಗಿ ಕಂಪ್ಯೂಟರಿನೊಳಗೇ ಮುಗಿಯಬೇಕು. ಅಂಥವರಿಗೆ ಚುಕ್ಕೆ ಹಾಕು.

ಮತ್ತೆ ಹೊರಟೆ. ಅದೇ ಬೀದಿ, ಅದೇ ಬಾಗಿಲು. ಆದರೆ ಈಗ ಬಾಗಿಲುಗಳು ಬೇರೆ ಥರ ತೆರೆದುಕೊಂಡವು. ಪ್ರಶ್ನೆ ಕೇಳಿದ್ದೇ ತಡ, ಅಮ್ಮಂದಿರು ಒಳಗೆ ಬೆರಳು ತೋರಿಸೋರು. ಒಂದು ಮನೆಯಲ್ಲಿ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಒಬ್ಬ ಹುಡುಗ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಯಾವುದೋ ದೇಶದ ಅಂಗಡಿಯವನ ಜೊತೆ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದ. ಹಸು ಕೂಗಿದರೆ ಒಂದು ಗುಂಡಿ ಒತ್ತಿ ತನ್ನ ದನಿ ಮುಚ್ಚುತ್ತಿದ್ದ. ಆ ಮನೆಗೆ ನಾನು ಚಿಕ್ಕಂದಿನಿಂದ ಹೋಗುತ್ತೇನೆ, ಹಾಲಿನ ಮನೆ. ಆ ಕೋಣೆಯಲ್ಲಿ ಹಿಂಡಿ ಮೂಟೆ ಇದೆ ಅಂದುಕೊಂಡಿದ್ದೆ. ಬಂಗಾರಪೇಟೆಯಲ್ಲಿ ಹೊಲಿಗೆ ಅಂಗಡಿಯ ಹಿಂದೆ ಒಬ್ಬಳು ಅಮೆರಿಕದ ಆಸ್ಪತ್ರೆಗಳ ಬಿಲ್ಲು ತಿದ್ದುತ್ತಿದ್ದಳು. ಆಂಡರ್ಸನ್‌ಪೇಟೆಯಲ್ಲಿ, ಅಳಿಸಿದ ಚುಕ್ಕೆಗಳ ಅದೇ ಗಲ್ಲಿಯಲ್ಲಿ, ಫಿಟ್ಟರ್ ಒಬ್ಬನ ಹೆಂಡತಿ ಬಚ್ಚಲು ಮನೆಯಷ್ಟು ಜಾಗದಲ್ಲಿ ಕೂತು ವಿಮಾನದ ಟಿಕೆಟ್ ಮಾರುವ ಆ್ಯಪಿನಲ್ಲಿ ತಪ್ಪು ಹುಡುಕುತ್ತಿದ್ದಳು. ಇವತ್ತು ಎಷ್ಟೋ ಟಿಕೆಟ್ ಕ್ಲೋಸ್ ಮಾಡಬೇಕು ಅಂದಳು. ಟಿಕೆಟ್ ಅಂದರೆ ಅವರ ಭಾಷೆಯಲ್ಲಿ ಒಂದೊಂದು ಕೆಲಸ. ಅವಳ ಅತ್ತೆ ನನ್ನನ್ನು ಮೂಲೆಗೆ ಕರೆದು, ದಿನಾ ಟಿಕೆಟ್ ಟಿಕೆಟ್ ಅಂತಾಳೆ, ಒಂದು ದಿನಾನೂ ಊರಿಗೆ ಹೋಗಿಲ್ಲ ಅಂತ ದೂರು ಹೇಳಿದಳು.

ದಿನದಿಂದ ದಿನಕ್ಕೆ ನನಗೆ ಒಂಥರಾ ಭಯ ಆಗತೊಡಗಿತು. ಕೆಟ್ಟ ಭಯ ಅಲ್ಲ. ಕೆಜಿಎಫ್‌ನಲ್ಲಿ ನಡೆಯುವಾಗ ಕಾಲ ಕೆಳಗೆ ಸುರಂಗ ಇದೆ ಅಂತ ನೆನಪಾದರೆ ಆಗುತ್ತಲ್ಲ, ಆ ಥರ. ನನಗೆ ಗೊತ್ತಿರುವ ಬೀದಿಯ ಒಳಗೆ ಇನ್ನೊಂದು ಬೀದಿ ಇತ್ತು.

ಆ ಮೂರು ಐಟಿ ತಾತ ಮತ್ತೆ ಸಿಕ್ಕ. ಅವನು ಗಣಿಯಲ್ಲಿ ದುಡಿದವನು. ಈ ಸಲ ಅವನ ಮನೆಯಲ್ಲಿ ಬಡ್ಕೊಳ್ಳೋರು ಯಾರೂ ಇರಲಿಲ್ಲ. ಪಕ್ಕದ ಮನೆಯ ಸೊಸೆಗೆ ನಾನು ಚುಕ್ಕೆ ಹಾಕೋದನ್ನು ನೋಡಿ, ಇವಳೂ ಅದೇ ಕೆಲಸವಾ, ಇಡೀ ದಿನ ಮನೆಯಲ್ಲೇ ಇರ್ತಾಳಲ್ಲ ಅಂತ ಆಶ್ಚರ್ಯಪಟ್ಟ. ಊರಲ್ಲಿ ಇಂಥವರು ಇನ್ನೂ ಬೇಕಾದಷ್ಟು ಜನ ಇದ್ದಾರೆ ಅಂದೆ. ತಾತ ಗಲ್ಲಿಯ ಕಡೆ ಕೈ ತೋರಿಸಿದ.

"ನಮಗೆ ಸೈರನ್ ಇತ್ತು ತಂಬಿ," ಅಂದ. "ಸೈರನ್ ಆದ್ರೆ ಒಂದು ಶಿಫ್ಟು ಒಳಗೆ, ಒಂದು ಶಿಫ್ಟು ಆಚೆ. ರೋಡೆಲ್ಲ ನಾವೇ. ನಾವು ಎಷ್ಟು ಜನ ಅಂತ ಊರಿಗೇ ಕಾಣ್ತಿತ್ತು. ಪಾಪ, ಇವರಿಗೆ ಸೈರನ್ ಇಲ್ಲ."

ಭಾನುವಾರ ಬಂತು. ಚೀಟಿಯಲ್ಲಿ ಮಾರ್ಕೆಟ್ ಹಿಂದಿನ ಬೀದಿ ಇತ್ತು. ಅಕ್ಕನ ಬೀದಿ. ಸ್ವಂತದವರ ಮನೆಯಲ್ಲಿ ನಾನು ಕೇಳೋ ಹಾಗಿಲ್ಲ, ಮೇಡಂ ಕೇಳಬೇಕು. ಮನೆಯ ಹಿರಿಯರು ಉತ್ತರ ಹೇಳಬೇಕು. ಅದು ನಿಯಮ. ನಾನು ಬಾಗಿಲ ಹತ್ತಿರ ಬೈಕಿಗೆ ಒರಗಿ ನಿಂತೆ. ಅಕ್ಕ ಅಂಗಳದಲ್ಲಿ ಬಟ್ಟೆ ಒಗೆಯುತ್ತಿದ್ದಳು. ಮಗು ಬಕೆಟ್ಟಿಗೆ ಕೈ ಹಾಕಿ ಆಡುತ್ತಿತ್ತು. ಅತ್ತೆ ಜಗಲಿ ಮೇಲೆ ಕಾಲು ಚಾಚಿ ಕೂತಿದ್ದಳು.

ಅಕ್ಕನಿಗೆ ಒಂದು ಅನುಮಾನ ಮೊದಲಿಂದಲೂ ಇತ್ತು. ಟ್ರೈನಿನಲ್ಲಿ ಇಂಜಿನಿಯರಿಂಗ್ ಓದಿದವರು ಅವಳ ಕೆಲಸವನ್ನು ಐಟಿ ಅಂತ ಒಪ್ಪುತ್ತಿರಲಿಲ್ಲವಂತೆ. ಚೌಕ ಎಳೆಯೋದು ಐಟಿನಾ ಅಂತ ನಗೋರಂತೆ. ಈಗ ಸ್ವಂತ ಮನೆಯವರೇ ಅಲ್ಲ ಅಂದುಬಿಟ್ಟರೆ ಅವಳು ಲೆಕ್ಕಕ್ಕೇ ಇಲ್ಲ. ನನ್ನ ಕಡೆ ನೋಡಲಿಲ್ಲ ಅವಳು. ಬಟ್ಟೆ ಕುಕ್ಕುತ್ತಲೇ ಇದ್ದಳು.

ಅತ್ತೆ ಶುರು ಮಾಡಿದಳು. "ಈ ಉಡ್ಗ ತಿಂಗ್ಳಿಂದ ಆಲ್ ಬತ್ತದೆ ಆಲ್ ಬತ್ತದೆ ಅಂತ ಇವ್ಳ ಕಿವೀಲಿ ಊದ್ತಾವ್ನೆ. ಆಲು ನಮ್ಮನೆಗೆ ದಿನಾ ಬತ್ತದೆ ಕಣಮ್ಮ. ಇವ್ನೇ ತಂದಾಕ್ತಾನೆ. ಅದ್ಕೆ ಒಂದ್ ಸರ್ವೆ ಬೇಕಾ?"

ಹಾಲು ಅಲ್ಲ, ಹಾಲ್ ಅಂತ ಮೇಡಂ ಬಿಡಿಸಿ ಹೇಳಿದರು. ಕೆಜಿಎಫ್‌ನಲ್ಲಿ ಒಂದು ಜಾಗ ಆಗುತ್ತೆ, ಬೆಂಗಳೂರಿಗೆ ಹೋಗದೆ ಅಲ್ಲೇ ಕೂತು ಕೆಲಸ ಮಾಡಬಹುದು, ಸಂಜೆ ಬೆಳಕಿರುವಾಗಲೇ ಮನೆ ಸೇರಬಹುದು. ಅತ್ತೆ ಅದನ್ನು ಕೇಳುತ್ತಿದ್ದದ್ದು ಅದೇ ಮೊದಲು. ಆಸೆ ಹುಟ್ಟಿಸಿ ಆಮೇಲೆ ಬಾರದಿದ್ದರೆ ಅಂತ ಅಕ್ಕ ಅವಳಿಗೆ ಹೇಳಿರಲೇ ಇಲ್ಲ. ಅತ್ತೆ ಕಾಲು ಮಡಚಿಕೊಂಡಳು. ಮೇಡಂ ಎಲ್ಲರಿಗೂ ಕೇಳುವ ಹಾಗೇ ಕೇಳಿದರು. ನೆಟ್ ಹೋದರೆ ನಿಮ್ಮ ಮನೆಯಲ್ಲಿ ಯಾರು ಬಡ್ಕೋತಾರೆ?

ಬಟ್ಟೆ ಕುಕ್ಕುವ ಸದ್ದು ನಿಂತಿತು.

"ಇವ್ಳು ಬಡ್ಕಳಲ್ಲ," ಅಂದಳು ಅತ್ತೆ. "ಮಗೀಗೆ ಜ್ವರ ಬಂದಾಗ ಮನೇಲೇ ಕುಂತು ಕೆಲ್ಸ ಮಾಡ್ತಾಳೆ. ಆವಾಗ ನೆಟ್ಟು ಓದ್ರೆ ಬಚ್ಚಲಿಗ್ ಓಯ್ತಾಳೆ. ಅತ್ತು, ಮಕ ತೊಳ್ಕೊಂಡು ಬತ್ತಾಳೆ. ನಂಗ್ ತಿಳೀದು ಅಂದ್ಕಂಡವ್ಳೆ."

ಆಟಕ್ಕಾ ಅನ್ನಕ್ಕಾ ಅನ್ನೋ ನಮ್ಮ ಪ್ರಶ್ನೆ ಅಷ್ಟು ಹೊತ್ತಿಗೆ ಬೀದಿಗೆಲ್ಲ ಗೊತ್ತಾಗಿತ್ತು, ಮೇಡಂ ಕೇಳೋ ಮುಂಚೆ ಅತ್ತೆಯೇ ಹೇಳಿದಳು.

"ಅನ್ನಕ್ಕೇ ಕಣಮ್ಮ. ಆಕು ಆ ಚುಕ್ಕಿ." ಆಮೇಲೆ ಸ್ವಲ್ಪ ತಡೆದು ಕೇಳಿದಳು. "ಆ ಜಾಗಕ್ಕೆ ಮದ್ಯಾನ್ನ ಮಗೂನ ಕರ್ಕೊಂಡ್ ಓಗ್ಬೋದಾ?"

ಅಕ್ಕ ತಿರುಗಲಿಲ್ಲ. ಒದ್ದೆ ಕೈಯಲ್ಲೇ ಮಗುವನ್ನು ಎತ್ತಿಕೊಂಡು ನೀರೊಲೆ ಕಡೆ ಹೋದಳು.

ಎಲ್ಲ ಮುಗಿದ ಮೇಲೆ ಮೇಡಂ ನನಗೆ ನಕಾಶೆ ತೋರಿಸಿದರು. ಮೊದಲು ನಾವು ಕಂಡ ಜನ ಮಾತ್ರ. ಆಮೇಲೆ ಒಂದು ಗುಂಡಿ ಒತ್ತಿದರು. ನೋಡಿದ ಬೀದಿಗಳಿಂದ ನೋಡದ ಬೀದಿಗಳ ಅಂದಾಜು ಹಾಕಿ ಕಂಪ್ಯೂಟರ್ ಮಿಕ್ಕ ಚುಕ್ಕೆ ತುಂಬಿತು. ರೈಲ್ವೆ ಗೆರೆಯ ಉದ್ದಕ್ಕೂ, ಆಂಡರ್ಸನ್‌ಪೇಟೆಯಲ್ಲಿ, ಗಣಿ ಮಣ್ಣಿನ ದಿಬ್ಬಗಳ ಸುತ್ತ, ಕಾಮಸಮುದ್ರದ ದಾರಿಯಲ್ಲಿ, ಗಡಿಯ ತನಕ. ನಮ್ಮ ಹಳ್ಳಿಯಲ್ಲೂ ಇತ್ತು. ಯಾರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ತುಂಬಾ ಹೊತ್ತು ನೋಡಿದೆ.

ಸರಿಯಾಗಿ ಎಷ್ಟು ಅಂತ ಕೇಳಿದೆ. ಇಷ್ಟರಿಂದ ಇಷ್ಟರೊಳಗೆ ಅಂತ ಹೇಳಬಹುದು, ಒಂದೇ ನಂಬರ್ ಹೇಳಿದರೆ ಅದು ಸುಳ್ಳಾಗುತ್ತೆ ಅಂದರು. ಕಡಿಮೆ ಕಡೆಯದ್ದೇ ಹಿಡಿದರೂ ಹಾಲಿಗೆ ಸಾಕು ಅಂದರು.

ಮೇ ತಿಂಗಳಲ್ಲಿ ಹಾಲ್ ತೆರೆದರು. ರಿಬ್ಬನ್ನು, ಭಾಷಣ ಇತ್ತು, ಅದನ್ನು ಬರೆಯೋದು ಬೇಡ. ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ನಾನು ಎದುರು ನಿಂತಿದ್ದೆ. ಜನ ಬಂದರು. ಬಸ್ಸಿಂದ, ಬೈಕಿಂದ, ನಡೆದುಕೊಂಡು. ಟ್ಯಾಂಕ್ ಮೇಲೆ ಕೂರುತ್ತಿದ್ದವನು, ಕೊಟ್ಟಿಗೆ ಪಕ್ಕದವನು, ಫಿಟ್ಟರ್ ಹೆಂಡತಿ. ನಾನು ನೋಡೇ ಇರದವರು ಇನ್ನೆಷ್ಟೋ ಜನ. ಒಬ್ಬರನ್ನೊಬ್ಬರು ನೋಡಿ ಅವರಿಗೇ ಆಶ್ಚರ್ಯ, ನೀನೂನಾ ಅಂತ ಕೇಳಿಕೊಳ್ಳುತ್ತಿದ್ದರು. ಮೇಜು ಸಾಲದೆ ಹಿಂದಿನ ವರಾಂಡದಲ್ಲಿ ಕೂತರು. ಬಾಗಿಲಿಗೆ ಹೊಸ ಬೀಗ ಕೂರಿಸುತ್ತಿದ್ದವನು ತಾತನ ದೊಡ್ಡ ಮಗ, ಟರ್ನರ್. ನನ್ನನ್ನು ನೋಡಿ, "ಐಟಿ ಇಲ್ದೆ ಐಟಿ ನಡೀತದಾ ತಂಬಿ?" ಅಂದ.

ಅಕ್ಕನಿಗೆ ಕಿಟಕಿ ಪಕ್ಕದ ಜಾಗ ಸಿಕ್ಕಿತು. ವಾರದಲ್ಲಿ ಎರಡು ದಿನ ಈಗಲೂ ವೈಟ್‌ಫೀಲ್ಡಿಗೆ ಹೋಗಬೇಕು, ಕಂಪನಿ ಅಷ್ಟಕ್ಕೇ ಒಪ್ಪಿದ್ದು. ಮಿಕ್ಕ ದಿನ ಇಲ್ಲಿ. ಮಧ್ಯಾಹ್ನ ಅತ್ತೆ ಬಂಗಾರಪೇಟೆಯಿಂದ ಬಸ್ಸು ಹತ್ತಿ ಮಗುವನ್ನು ಕರೆದುಕೊಂಡು ಬಂದಳು. ಮಂಡಿ ನೋವು ಅಂತ ಮೆಟ್ಟಿಲು ಹತ್ತಲಿಲ್ಲ, ಮಗುವನ್ನು ಕೆಳಗಿನಿಂದ ಬಿಟ್ಟಳು. ಅದು ಒಂದೊಂದೇ ಮೆಟ್ಟಿಲು ಹತ್ತಿ, ಅಷ್ಟೊಂದು ಜನರ ಮಧ್ಯೆ ನಿಂತು, ಎಲ್ಲರನ್ನೂ ಒಂದು ಸುತ್ತು ನೋಡಿ, ಅಕ್ಕಾ ಅಂತ ಕೂಗಿತು. ಇಡೀ ಹಾಲಿನಲ್ಲಿ ಒಬ್ಬಳು ಎದ್ದಳು.

ಇನ್ನೂ ಅಕ್ಕ ಅಂತಲೇ ಕರೆಯುತ್ತೆ. ನನ್ನ ಹತ್ತಿರ ಹೇಳೋಕೆ ಇನ್ನೇನೂ ಇಲ್ಲ.